ದೇವರಿದ್ದಾನೆ ಅಂತ ಗೊತ್ತು, ಪ್ರೀತಿಸುತ್ತಾನೆ ಅಂತ ನಂಬೋಕೆ ಆಗುತ್ತಿಲ್ಲ. ಬಿಟ್ಟುಹೋದ ಪ್ರಾರ್ಥನೆ ಮತ್ತೆ ಶುರು ಮಾಡಿದವರು ಇದ್ದೀರಾ?

ಖಾಲಿಪುಟ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಇದನ್ನು ಎಷ್ಟೋ ಸಲ ಬರೆದು ಅಳಿಸಿದ್ದೇನೆ. ಇವತ್ತು ಅಳಿಸುವ ಮೊದಲೇ ಹಾಕಿಬಿಡುತ್ತೇನೆ.

ನಾನು ಹುಟ್ಟಿನಿಂದ ಕ್ರೈಸ್ತಳು. ಸಭೆಯ ಪ್ರಾರ್ಥನಾ ಗುಂಪಿನಲ್ಲಿ 11 ವರ್ಷ ಇದ್ದೆ. ಯಾರಿಗಾದರೂ ಹುಷಾರಿಲ್ಲ, ಕೆಲಸ ಹೋಯಿತು, ಮಗು ಆಗಿಲ್ಲ ಅಂದರೆ ಮೊದಲ ಫೋನು ನನಗೇ ಬರುತ್ತಿತ್ತು. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಎಡಗಡೆ ಹೆಸರು, ನಡುವೆ ತಾರೀಖು, ಬಲಗಡೆ ಒಂದು ಚಿಕ್ಕ ಚೌಕ. ಪ್ರಾರ್ಥನೆಗೆ ಉತ್ತರ ಸಿಕ್ಕಿದರೆ ಆ ಚೌಕದಲ್ಲಿ ಕೆಂಪು ಪೆನ್ನಿನಿಂದ ಟಿಕ್ ಹಾಕುತ್ತಿದ್ದೆ. ದೇವರು ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳುವಾಗ ಆ ಪುಸ್ತಕವನ್ನು ಎತ್ತಿ ತೋರಿಸುತ್ತಿದ್ದೆ ಕೂಡ. ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ.

ಹೋದ ವರ್ಷ ನನ್ನ ತಮ್ಮ 16 ದಿನ ಐಸಿಯುನಲ್ಲಿದ್ದ. ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ದಿನಾ ಬೈಬಲಿನ 91ನೇ ಕೀರ್ತನೆ ಓದುತ್ತಿದ್ದೆ. ಯಾವ ಕೇಡೂ ಸಂಭವಿಸದು ಅಂತ ಇದೆಯಲ್ಲ, ಅದೇ. ಅಮ್ಮನಿಗೆ ನಾನೇ ಹೇಳಿದೆ, "ಅವನು ಎದ್ದು ಬರುತ್ತಾನೆ, ನನಗೆ ಮನಸ್ಸಿನಲ್ಲಿ ಖಾತ್ರಿ ಆಗಿದೆ" ಅಂತ. 17ನೇ ದಿನ ಬೆಳಗ್ಗೆ ಹೋದ. ಅವನಿಗೆ 34.

ಅಂತ್ಯಕ್ರಿಯೆಯಲ್ಲಿ ಪ್ರಾರ್ಥನೆ ಮಾಡಿ ಅಂತ ನನ್ನನ್ನೇ ಕರೆದರು. ಮಾಡಿದೆ. ಚೆನ್ನಾಗಿಯೇ ಮಾಡಿದೆನಂತೆ, ತುಂಬಾ ಜನ ಅತ್ತರು. ಅದೇ ಕೊನೆ. ಆಮೇಲೆ 14 ತಿಂಗಳಾಯಿತು, ಒಂದು ಸಲವೂ ಪ್ರಾರ್ಥನೆ ಮಾಡಿಲ್ಲ. ಭಾನುವಾರ ಹೋಗುತ್ತೇನೆ. ಎಲ್ಲರೂ ಕಣ್ಣು ಮುಚ್ಚಿದಾಗ ನಾನು ತೆರೆದುಕೊಂಡು ಮುಂದಿನವರ ಚಪ್ಪಲಿ ನೋಡುತ್ತಾ ನಿಲ್ಲುತ್ತೇನೆ.

ದಯವಿಟ್ಟು ಅರ್ಥ ಮಾಡಿಕೊಳ್ಳಿ, ನಾನು ನಾಸ್ತಿಕಳಾಗಿಲ್ಲ. ದೇವರಿದ್ದಾನೆ ಅನ್ನುವುದರಲ್ಲಿ ಅನುಮಾನ ಇಲ್ಲ. ಅವನಿಗೆ ನಾವು ಬೇಕಾ ಅನ್ನುವುದರಲ್ಲಿ ಇದೆ. "ದೇವರು ನಿನ್ನನ್ನು ಪ್ರೀತಿಸುತ್ತಾನೆ" ಅಂತ ಯಾರಾದರೂ ಹೇಳಿದರೆ ಗೋಡೆಯ ಕ್ಯಾಲೆಂಡರ್ ಓದಿದ ಹಾಗೆ ಕೇಳಿಸುತ್ತದೆ. ಎಲ್ಲಕ್ಕಿಂತ ಕಷ್ಟ ಏನೆಂದರೆ, ನನಗೆ ಅವನ ನೆನಪು ಬರುತ್ತದೆ. ತಮ್ಮನದಲ್ಲ, ಅದು ಹೇಗೂ ಇದ್ದೇ ಇದೆ. ದೇವರದು. ಮುಂಚೆ ಬಸ್ಸಿನಲ್ಲಿ ಕೂತಾಗಲೂ ಅವನ ಹತ್ತಿರ ಏನೋ ಮಾತಾಡುತ್ತಿದ್ದೆ. ಈಗ ಆ ಜಾಗ ಖಾಲಿ.

ನಟನೆ ಮಾಡದೆ ಮತ್ತೆ ಪ್ರಾರ್ಥನೆ ಶುರು ಮಾಡುವುದು ಹೇಗೆ? ಹಾಗೆ ಮಾಡಿದವರು ಇದ್ದರೆ ಮಾತ್ರ ಹೇಳಿ. ಮತ್ತೆ ಯೇಸು ಸಾವಿನಿಂದ ಎಬ್ಬಿಸಿದ ಲಾಜರನ ಕಥೆ ಮಾತ್ರ ಬೇಡ. ಅವನು ಎದ್ದು ಬಂದ. ನನ್ನ ತಮ್ಮ ಬರಲಿಲ್ಲ.

ಜಯಘೋಷ:

ಸಿಸ್ಟರ್, ಇದು ಸೈತಾನನ ಕೆಲಸ. ನಂಬಿಕೆಯಲ್ಲಿ ಬಲವಾಗಿರಿ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ, ಸ್ತೋತ್ರ ಮಾಡುತ್ತಾ ಇರಿ, ಎಲ್ಲಾ ಸರಿ ಹೋಗುತ್ತದೆ. ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ. ಆಮೆನ್.

ಸಾಸಿವೆಕಾಳು:

@ಜಯಘೋಷ, ಪ್ರಾರ್ಥನೆ ಮಾಡೋಕೆ ಆಗುತ್ತಿಲ್ಲ ಅಂತ ಬಂದವಳಿಗೆ ಮೂರು ದಿನ ಪ್ರಾರ್ಥನೆ ಮಾಡು ಅಂತೀರಲ್ಲಪ್ಪ. ಕಾಲು ಮುರಿದವನಿಗೆ ಓಡು ಅಂದ ಹಾಗಾಯಿತು. ಪೂರ್ತಿ ಓದಿದ್ರಾ?

ರಾತ್ರಿಪಾಳಿ:

ಅಕ್ಕ, ನಾನು ಅಂಥವನು. ಆರು ವರ್ಷ ಬಿಟ್ಟಿದ್ದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಮೊದಲ ಮಗು ಎಂಟು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಕೊಂಡಿತು. ಹೆಸರು ಇಟ್ಟಾಗಿತ್ತು. ಹೆಂಡತಿ ಅಳುತ್ತಾ ಪ್ರಾರ್ಥನೆ ಮಾಡುತ್ತಿದ್ದಳು, ನನಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು. "ಯಾರ ಹತ್ತಿರ ಅಳ್ತಿದ್ದೀಯ, ತೆಗೆದುಕೊಂಡವನ ಹತ್ತಿರಾನಾ?" ಅಂತ ಒಂದು ಸಲ ಕೇಳಿಬಿಟ್ಟೆ. ಆಮೇಲೆ ಅವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಪ್ರಾರ್ಥನೆ ಮಾಡತೊಡಗಿದಳು. ನನಗೆ ಕೇಳಿಸಬಾರದು ಅಂತ.

ನನ್ನದು ಕಂಟ್ರೋಲ್ ರೂಮಿನಲ್ಲಿ ರಾತ್ರಿ ಕೆಲಸ. ಒಂಬತ್ತು ಸ್ಕ್ರೀನ್ ನೋಡುತ್ತಾ ಕೂರಬೇಕು. ಫೋನ್ ಒಳಗೆ ಬಿಡುವುದಿಲ್ಲ. ಡ್ರಾಯರಿನಲ್ಲಿ ಹಿಂದೆ ಇದ್ದವರು ಯಾರೋ ಬಿಟ್ಟುಹೋದ ಒಂದು ಪುಟ್ಟ ಪುಸ್ತಕ ಇತ್ತು. ಬೈಬಲಿನ ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಮಾತ್ರ. ಮೇಲಿನ ರಟ್ಟು ಕಿತ್ತುಹೋಗಿತ್ತು. ಭಕ್ತಿಯಿಂದ ತೆಗೆದೆ ಅಂದರೆ ಸುಳ್ಳು. ಬೇಜಾರಿಗೆ ತೆಗೆದೆ. 150 ಕೀರ್ತನೆ, ದಿನಕ್ಕೆ ಐದು ಓದಿದರೆ 30 ದಿನಕ್ಕೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿದೆ. ಪ್ರಾರ್ಥನೆ ಮಾಡುವುದಿಲ್ಲ, ಸುಮ್ನೆ ಓದುತ್ತೇನೆ ಅಂತ ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ.

ಮೂರನೇ ದಿನ 13 ಬಂತು. ಮೊದಲ ಎರಡೇ ವಚನದಲ್ಲಿ ನಾಲ್ಕು ಸಲ ಎಷ್ಟರ ತನಕ, ಎಷ್ಟರ ತನಕ ಅಂತ ಕೇಳುತ್ತಾನೆ. ನನ್ನನ್ನು ಮರೆತೇಬಿಟ್ಟೆಯಾ, ಎಷ್ಟು ದಿನ ಮುಖ ಮರೆಸಿಕೊಳ್ಳುತ್ತೀ ಅಂತ. ಚಿಕ್ಕಂದಿನಿಂದ ಸಭೆಗೆ ಹೋದವನು ನಾನು. ಈ ಧಾಟಿಯಲ್ಲಿ ದೇವರ ಹತ್ತಿರ ಮಾತಾಡಬಹುದು ಅಂತ ಒಬ್ಬರೂ ಹೇಳಿಕೊಟ್ಟಿರಲಿಲ್ಲ. ನಮಗೆ ಕಲಿಸಿದ್ದು 23 ಮತ್ತು 91. ಹಸಿರುಗಾವಲು ಮತ್ತು ರೆಕ್ಕೆಯ ಮರೆ. ನಡುವೆ ಇರುವ ಗೋಳನ್ನೆಲ್ಲಾ ಹಾರಿಸಿ ಓದುತ್ತಿದ್ದೆವು.

18ನೇ ದಿನ 88 ಬಂತು. ಅದನ್ನು ಒಂದು ಸಲ ಪೂರ್ತಿ ಓದಿ ನೋಡಿ ಅಕ್ಕ. ಗೋಳಿನ ಬೇರೆ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ತಿರುಗುತ್ತವೆ, "ಆದರೂ ನಿನ್ನನ್ನು ಕೊಂಡಾಡುವೆನು" ಅಂತ ಏನಾದರೂ ಬರುತ್ತದೆ. ಇದರಲ್ಲಿ ಬರುವುದಿಲ್ಲ. ನೀನೇ ನನ್ನನ್ನು ಗುಂಡಿಗೆ ಹಾಕಿದೆ, ನೀನೇ ನನ್ನವರನ್ನು ದೂರ ಮಾಡಿದೆ ಅಂತ ಹೇಳುತ್ತಾ ಹೋಗಿ ಕತ್ತಲೆ ಅನ್ನುವಲ್ಲಿಗೆ ನಿಂತುಬಿಡುತ್ತದೆ. ಮುಂದೆ ಏನೂ ಇಲ್ಲ. ಪುಟ ತಿರುಗಿಸಿದೆ, ಏನಾದರೂ ಬಿಟ್ಟುಹೋಗಿದೆಯಾ ಅಂತ. ಇಲ್ಲ, ಅಷ್ಟೇ. ರಾತ್ರಿ ಸುಮಾರು 3 ಗಂಟೆ. ನಾಲ್ಕನೇ ಸ್ಕ್ರೀನಿನಲ್ಲಿ ಒಂದು ನಾಯಿ ಗೇಟಿನ ಮುಂದೆ ಮಲಗಿತ್ತು. ನಾನು ಜೋರಾಗಿ "ಹೌದು" ಅಂದೆ. ಆರು ವರ್ಷದ ನಂತರದ ಮೊದಲ ಪ್ರಾರ್ಥನೆ ಅದೇ. ಒಂದೇ ಪದ. ಪ್ರಾರ್ಥನೆ ಅಂತ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ಆಮೇಲೆ ನನ್ನನ್ನು ಕಾಡಿದ್ದು ಬೇರೆ. ಇದನ್ನು ಪುಸ್ತಕದಲ್ಲಿ ಉಳಿಸಿಕೊಂಡವರು ಯಾರು? ಕಿತ್ತುಹಾಕಬಹುದಿತ್ತಲ್ವಾ? ಕೊನೆಗೆ ಎರಡು ಸಾಲು ಸ್ತೋತ್ರ ಸೇರಿಸಬಹುದಿತ್ತು. ಸೇರಿಸಲಿಲ್ಲ. ಸಾವಿರಾರು ವರ್ಷದಿಂದ ಜನ ಅದನ್ನು ದೇವರ ಮುಂದೆ ಹಾಗೆಯೇ ಓದುತ್ತಾ ಬಂದಿದ್ದಾರೆ. ಅಂದರೆ ನನ್ನಂಥವನಿಗೂ ಒಳಗೆ ಜಾಗ ಇತ್ತು, ನಾನು ಹೊರಗೆ ನಿಂತಿದ್ದೇನೆ ಅಂದುಕೊಂಡಿದ್ದೆ.

ಇನ್ನು 91ರ ಬಗ್ಗೆ ಒಂದು ಮಾತು, ನೀವು ಹೇಳಿದ್ದಕ್ಕೆ. ಮತ್ತಾಯನ ಸುವಾರ್ತೆ 4ನೇ ಅಧ್ಯಾಯ ತೆಗೆದು ನೋಡಿ. ಯೇಸುವನ್ನು ಪರೀಕ್ಷಿಸುವಾಗ ಸೈತಾನ ಬಾಯಿಪಾಠ ಒಪ್ಪಿಸಿದ್ದು ಅದೇ ಕೀರ್ತನೆ. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ, ಬರೆದಿದೆಯಲ್ಲ ಅಂತ. ಯೇಸು ಹಾರಲಿಲ್ಲ. ಕೀರ್ತನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದನ್ನು ಗ್ಯಾರಂಟಿ ಕಾರ್ಡಿನ ಹಾಗೆ ಹಿಡಿದುಕೊಳ್ಳೋಕೆ ಆಗಲ್ಲ ಅಂತ ಅಷ್ಟೇ. ಇದು ನನಗೆ ದೊಡ್ಡ ಸಮಾಧಾನ ಕೊಟ್ಟಿತು, ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ಪ್ರೀತಿಯ ವಿಷಯಕ್ಕೆ ಬರುತ್ತೇನೆ, ನೀವು ಕೇಳಿದ್ದು ಅದನ್ನೇ. ಕೀರ್ತನೆಗಳು ಮೂರು ನಾಲ್ಕು ಸುತ್ತು ಆದ ಮೇಲೆ ಲೂಕನ ಸುವಾರ್ತೆ ಓದುತ್ತಿದ್ದೆ. 15ನೇ ಅಧ್ಯಾಯ, ಮನೆ ಬಿಟ್ಟುಹೋದ ಮಗನ ಸಾಮ್ಯ. ನೂರು ಸಲ ಕೇಳಿದ ಕಥೆ. ಆದರೆ ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ದೊಡ್ಡ ಮಗ. ಅವನು ಎಲ್ಲಿಗೂ ಹೋದವನಲ್ಲ. "ಇಷ್ಟು ವರ್ಷ ನಿನಗೆ ದುಡಿದೆ, ನಿನ್ನ ಒಂದು ಮಾತೂ ಮೀರಲಿಲ್ಲ, ನನಗೆ ಒಂದು ಆಡಿನ ಮರಿ ಕೊಟ್ಟಿದ್ದೀಯಾ?" ಅನ್ನುತ್ತಾನೆ. ಲೆಕ್ಕ ಇಟ್ಟುಕೊಂಡಿದ್ದಾನೆ ನೋಡಿ. ನಾನೂ ಇಟ್ಟುಕೊಂಡಿದ್ದೆ. ಸಂಪಾದನೆಯ ಹತ್ತನೇ ಒಂದು ಪಾಲು, ದಶಮಾಂಶ ಕೊಟ್ಟೆ, ಭಾನುವಾರ ಶಾಲೆಯಲ್ಲಿ ಪಾಠ ಮಾಡಿದೆ, ಅದಕ್ಕೆ ಇದಾ? ತಪ್ಪು ತಿಳಿಯಬೇಡಿ ಅಕ್ಕ, ನಿಮ್ಮ ಟಿಕ್ ಪುಸ್ತಕದ ಬಗ್ಗೆ ಓದಿದಾಗ ನನಗೆ ಅವನೇ ನೆನಪಾದ.

ಅಪ್ಪ ಏನು ಮಾಡುತ್ತಾನೆ? ಓಡಿಹೋದವನನ್ನು ಎದುರುಗೊಳ್ಳಲು ಹೇಗೆ ಹೊರಗೆ ಓಡಿದನೋ, ಮುನಿಸಿಕೊಂಡು ಅಂಗಳದಲ್ಲಿ ನಿಂತ ಇವನಿಗೋಸ್ಕರವೂ ಹಾಗೆಯೇ ಹೊರಗೆ ಬರುತ್ತಾನೆ. ತಿರುಗಿ ಬಂದ ಮಗನಿಗಾಗಿ ಇಟ್ಟ ಔತಣ ಬಿಟ್ಟು. ಬಂದು ಬೈಯುವುದಿಲ್ಲ, ಬೇಡಿಕೊಳ್ಳುತ್ತಾನೆ. ದೊಡ್ಡ ಮಗ ಒಳಗೆ ಹೋದನಾ ಇಲ್ಲವಾ ಅಂತ ಲೂಕ ಬರೆದಿಲ್ಲ. ಕಥೆ ಅಲ್ಲೇ, ಇಬ್ಬರೂ ಹೊರಗೆ ನಿಂತಿರುವಾಗಲೇ ಮುಗಿಯುತ್ತದೆ. ನನಗೆ ಆ ಚಿತ್ರ ಸಾಕಾಯಿತು. ನಾನು ಒಳಗೆ ಹೋಗಿರಲಿಲ್ಲ, ಹೋಗುವ ಮನಸ್ಸೂ ಇರಲಿಲ್ಲ. ಆದರೆ ಹೊರಗೆ ಒಬ್ಬನೇ ಇಲ್ಲ ಅನ್ನಿಸಿತು.

ಮಗು ಯಾಕೆ ಹೋಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಆಸೆಯನ್ನೂ ಬಿಟ್ಟಿದ್ದೇನೆ. ಬದಲಾದದ್ದು ಇಷ್ಟು: ಒಂದು ಬೆಳಗ್ಗೆ ಪಾಳಿ ಮುಗಿಸಿ ಮನೆಗೆ ಬಂದೆ. ಬಾತ್‌ರೂಮಿನಲ್ಲಿ ನಲ್ಲಿ ಸುರಿಯುತ್ತಿತ್ತು. ಬಾಗಿಲು ತಟ್ಟಿ, "ನಲ್ಲಿ ನಿಲ್ಲಿಸು, ನಾನೂ ಬರ್ತೀನಿ" ಅಂದೆ. ಇಬ್ಬರೂ ಮಂಚದ ಅಂಚಿನಲ್ಲಿ ಕೂತೆವು. ನನಗೆ ಮಾತೇ ಬರಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯನ್ನು, ಪರಲೋಕದಲ್ಲಿರುವ ನಮ್ಮ ತಂದೆಯೇ ಅಂತ ಶುರು ಮಾಡಿ, ನಿನ್ನ ಚಿತ್ತ ನೆರವೇರಲಿ ಅನ್ನುವ ಕಡೆ ನಿಂತುಬಿಟ್ಟೆ. ಅದನ್ನು ಹೇಳೋಕೆ ಆಗಲಿಲ್ಲ. ಆಗ ಅವಳು ಮಗುವಿನ ಹೆಸರು ಹೇಳಿದಳು. ಆರು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹೇಳಿರಲಿಲ್ಲ. ನಾನೂ ಹೇಳಿದೆ. ಅವತ್ತಿನ ಪ್ರಾರ್ಥನೆ ಅಷ್ಟೇ.

ಆ ಸಾಲನ್ನು ದಾಟೋಕೆ ನನಗೆ ಇನ್ನೂ ಒಂದು ವರ್ಷ ಹಿಡಿಯಿತು. ಅಷ್ಟು ದಿನ ಅಲ್ಲಿಯವರೆಗೆ ಬಂದು ನಿಲ್ಲಿಸುತ್ತಿದ್ದೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಯೇಸುವೇ ಈ ಪಾತ್ರೆ, ಅಂದರೆ ಈ ಸಂಕಟ, ಬೇಡ ಅಂತ ಮೂರು ಸಲ ಕೇಳಿಕೊಂಡ, ಒಂದೇ ಸಲಕ್ಕೆ ಮುಗಿಯಲಿಲ್ಲ ಅನ್ನುವುದೇ ಆಗ ನನಗಿದ್ದ ಧೈರ್ಯ.

ಖಾಲಿಪುಟ:

ಓದಿದೆ. ಎರಡು ಸಲ. ಈಗ ಜಾಸ್ತಿ ಬರೆಯೋಕೆ ಆಗುತ್ತಿಲ್ಲ. ಟಿಕ್ ಪುಸ್ತಕದ ಬಗ್ಗೆ ನೀವು ಹೇಳಿದ್ದು ಚುಚ್ಚಿತು, ಆದರೆ ಸರಿ ಇದೆ. ನಲ್ಲಿಯ ವಿಷಯ ಓದಿ ಅತ್ತೆ. ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ಹೇಳಿ ತಮ್ಮಾ.

ಸಾಸಿವೆಕಾಳು:

ಮಗಳೇ, ನನಗೆ 71. ನಾನು ಕಥೋಲಿಕಳು, ನಮ್ಮ ರೀತಿ ಸ್ವಲ್ಪ ಬೇರೆ. ಆದರೂ ಹೇಳುತ್ತೇನೆ.

ನೀನು ಲಾಜರ ಬೇಡ ಅಂದೆ. ಆಯಿತು, ಅವನು ಎದ್ದು ಬಂದದ್ದು ಬೇಡ. ಅದಕ್ಕಿಂತ ಮುಂಚಿನದ್ದು ಮಾತ್ರ ನೋಡು. ಯೋವಾನ್ನ 11ನೇ ಅಧ್ಯಾಯ, 5ನೇ ವಚನ: ಯೇಸುವಿಗೆ ಮಾರ್ಥಳ ಮೇಲೂ ಅವಳ ತಂಗಿಯ ಮೇಲೂ ಲಾಜರನ ಮೇಲೂ ಪ್ರೀತಿ ಇತ್ತು. 6ನೇ ವಚನ: ಕಾಯಿಲೆ ಸುದ್ದಿ ಕೇಳಿದ ಮೇಲೂ ಇದ್ದ ಕಡೆಯೇ ಇನ್ನೂ ಎರಡು ದಿನ ಉಳಿದ. ಎರಡೂ ಅಕ್ಕಪಕ್ಕ ಇವೆ. ನಿನ್ನ ಪ್ರಶ್ನೆ ಇರುವುದು ಸರಿಯಾಗಿ ಈ ಎರಡು ವಚನದ ನಡುವೆ ಅಲ್ವಾ? ಅವನು ಬಂದಾಗ ಮಾರ್ಥ ಏನಂದಳು? ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂದಳು. ಸ್ವಲ್ಪ ಹೊತ್ತಿನ ಮೇಲೆ ತಂಗಿ ಮರಿಯಳೂ ಬಂದು ಅದನ್ನೇ ಹೇಳಿದಳು. ಮನೆಯಲ್ಲಿ ಕೂತು ಇಬ್ಬರೂ ಅದನ್ನೇ ಎಷ್ಟು ಸಲ ಹೇಳಿಕೊಂಡಿದ್ದರೋ. "ನಿಮಗೆ ನಂಬಿಕೆ ಸಾಲದು, ಅದಕ್ಕೆ ಹೀಗಾಯಿತು" ಅಂತ ಯೇಸು ಹೇಳಲಿಲ್ಲ. ಮರಿಯಳು ಅಳುವುದನ್ನು ನೋಡಿ ಅವನೂ ಅತ್ತ. ಇನ್ನು ಸ್ವಲ್ಪ ಹೊತ್ತಿಗೆ ಎಬ್ಬಿಸುತ್ತೇನೆ ಅಂತ ಗೊತ್ತಿದ್ದವನು ಯಾಕೆ ಅಳಬೇಕಿತ್ತು ಹೇಳು. ನನಗೆ ಇಲ್ಲಿಗೇ ಸಾಕು, ಮುಂದಿನ ಪವಾಡ ಓದದ ದಿನಗಳೂ ಇವೆ.

ಇನ್ನೊಂದು. ಪ್ರಾರ್ಥಿಸುವಾಗ ಏನೂ ಅನ್ನಿಸದಿದ್ದರೆ ಪ್ರಾರ್ಥನೆ ಸುಳ್ಳು ಅಂತ ತಿಳಿಯಬೇಡ. ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಅಚ್ಚಾದವು, ಅವರು ತೀರಿಕೊಂಡು 10 ವರ್ಷಕ್ಕೆ. ಸುಮಾರು 50 ವರ್ಷ ಒಳಗೆಲ್ಲಾ ಕತ್ತಲೆ, ದೇವರು ಇಲ್ಲವೇನೋ ಅನ್ನುವಷ್ಟು ಖಾಲಿ ಅಂತ ತಮ್ಮ ಗುರುಗಳಿಗೆ ಬರೆದುಕೊಂಡಿದ್ದರು. ಅಷ್ಟೂ ವರ್ಷ ಬೆಳಗ್ಗೆ ಎದ್ದು ಪ್ರಾರ್ಥನೆಗೆ ಕೂತವರು. ಪತ್ರಗಳ ಸುದ್ದಿ ಬಂದಾಗ ಕೆಲವರು ಇದು ಢೋಂಗಿ ಅಂದರು. ನನಗೆ ಹಾಗನ್ನಿಸಲಿಲ್ಲ, ಆಗ ನಾನೂ ಗಂಡನನ್ನು ಕಳೆದುಕೊಂಡು ಎರಡು ವರ್ಷ ಆಗಿತ್ತು.

ನನಗೆ ಕೈಹಿಡಿದದ್ದು ನಮ್ಮ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಪದ್ಧತಿ, 16ನೇ ಶತಮಾನದ್ದು. ನಮ್ಮ ಫಾದರ್ ಒಬ್ಬರು ಹೇಳಿಕೊಟ್ಟರು. ರಾತ್ರಿ ಮಲಗುವ ಮುಂಚೆ ಆ ದಿನವನ್ನು ದೇವರ ಜೊತೆ ಕೂತು ಬೆಳಗ್ಗೆಯಿಂದ ಒಂದು ಸಲ ತಿರುಗಿ ನೋಡುವುದು. ಎಲ್ಲಿ ಜೀವ ಹಗುರ ಆಯಿತು, ಎಲ್ಲಿ ಮುದುಡಿತು. ಕೇಳಿಕೊಳ್ಳುವುದು ಏನೂ ಬೇಕಿಲ್ಲ. ಹತ್ತು ಹದಿನೈದು ನಿಮಿಷ ಸಾಕು. ಮೊದಲ ತಿಂಗಳು ನನಗೆ ಮುದುಡಿದ್ದು ಮಾತ್ರ ಕಾಣುತ್ತಿತ್ತು. ಒಂದು ದಿನ ಬೆಳಗ್ಗೆ ಪಕ್ಕದ ಮನೆ ಮಗು ನನ್ನ ಕೈಬೆರಳು ಹಿಡಿದು ಮೆಟ್ಟಿಲು ಹತ್ತಿದ್ದು ರಾತ್ರಿ ನೆನಪಿಗೆ ಬಂತು. ಹತ್ತುವಾಗ ಅದು ನನ್ನ ಗಮನಕ್ಕೇ ಬಂದಿರಲಿಲ್ಲ ನೋಡು.

ರಾತ್ರಿ ನಿದ್ದೆ ಬರುತ್ತಿದೆಯಾ? ಸರಿಯಾಗಿ ಊಟ ಮಾಡುತ್ತಿದ್ದೀಯಾ? ಇಲ್ಲ ಅಂದರೆ ವೈದ್ಯರಿಗೂ ತೋರಿಸು. ಅದು ನಂಬಿಕೆ ಕಡಿಮೆ ಅಂತಲ್ಲ.

ಜಯಘೋಷ:

ಸಿಸ್ಟರ್, ಕ್ಷಮಿಸಿ. ಸಾಸಿವೆಕಾಳು ಅವರು ಹೇಳಿದ್ದು ನಿಜ, ನಾನು ಮೊದಲ ನಾಲ್ಕು ಸಾಲು ಓದಿ ಬರೆದುಬಿಟ್ಟೆ. ನಿಮ್ಮ ತಮ್ಮನ ವಿಷಯ ಆಮೇಲೆ ಓದಿದೆ. ನನ್ನ ಅಣ್ಣನೂ ಐಸಿಯುನಲ್ಲಿದ್ದ. ಅವನು ಉಳಿದ. ಯಾಕೆ ಅವನು ಉಳಿದ, ನಿಮ್ಮ ತಮ್ಮ ಉಳಿಯಲಿಲ್ಲ ಅಂತ ನನ್ನ ಹತ್ತಿರ ಉತ್ತರ ಇಲ್ಲ.

ಖಾಲಿಪುಟ:

@ಜಯಘೋಷ, ಪರವಾಗಿಲ್ಲ ಬ್ರದರ್. ನಾನೂ ಎಷ್ಟೋ ಜನರಿಗೆ ನಿಮ್ಮ ಹಾಗೆಯೇ ಹೇಳಿದ್ದೇನೆ. ನಿಮ್ಮ ಅಣ್ಣ ಚೆನ್ನಾಗಿರಲಿ.

@ಸಾಸಿವೆಕಾಳು, ಅಮ್ಮಾ, 50 ವರ್ಷ ಅಂದು ಹೆದರಿಸಿಬಿಟ್ರಿ! ಆದರೆ 5 ಮತ್ತು 6ನೇ ವಚನ ಅಕ್ಕಪಕ್ಕ ಇರುವುದನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಇಷ್ಟು ವರ್ಷ ಆ ಅಧ್ಯಾಯದ ಮೇಲೆ ಸಂದೇಶ ಕೊಟ್ಟಿದ್ದೇನೆ. ನಿದ್ದೆ ಕಡಿಮೆಯೇ ಇದೆ. ತೋರಿಸುತ್ತೇನೆ.

ಖಾಲಿಪುಟ (ಎರಡೂವರೆ ವಾರದ ಮೇಲೆ):

ಹೇಳಬೇಕು ಅನ್ನಿಸಿತು. ದಿನಕ್ಕೆ ಐದು ಶುರು ಮಾಡಿದ್ದೇನೆ. ಜೋರಾಗಿ ಓದುತ್ತೇನೆ, ಇಲ್ಲದಿದ್ದರೆ ಕಣ್ಣು ಮಾತ್ರ ಓಡುತ್ತದೆ. ಕೆಲವು ದಿನ ಏನೂ ಆಗುವುದಿಲ್ಲ. ಒಂದು ದಿನ ಸಿಟ್ಟಿನಿಂದ ಪುಸ್ತಕ ಮುಚ್ಚಿಟ್ಟೆ, ಮಾರನೇ ದಿನ ಹತ್ತು ಓದಿ ಸರಿ ಮಾಡಿದೆ. ಲೆಕ್ಕದ ಚಟ ಇನ್ನೂ ಹೋಗಿಲ್ಲ, ನಗಬೇಡಿ.

ಇವತ್ತು 18ನೇ ದಿನ. 88 ಮುಗಿಸಿ ಸುಮ್ನೆ ಕೂತಿದ್ದೆ. ಆಮೇಲೆ ಅಟ್ಟದಿಂದ ಆ ನೋಟ್‌ಬುಕ್ ಇಳಿಸಿದೆ. 14 ತಿಂಗಳಿಂದ ಮುಟ್ಟಿರಲಿಲ್ಲ. ಕೊನೆಯ ಪುಟದಲ್ಲಿ ತಮ್ಮನ ಹೆಸರು, ತಾರೀಖು, ಖಾಲಿ ಚೌಕ. ಕೆಂಪು ಪೆನ್ನು ಒಣಗಿಹೋಗಿತ್ತು. ಪೆನ್ಸಿಲ್ಲಿನಲ್ಲಿ ಆ ಚೌಕದ ಪಕ್ಕ "ನೀನು ಎಲ್ಲಿದ್ದೆ?" ಅಂತ ಬರೆದೆ. ಬರೆದ ಮೇಲೆ ಗೊತ್ತಾಯಿತು, ನಾನು ಅವನ ಹತ್ತಿರ ಮಾತಾಡಿದ್ದೇನೆ ಅಂತ. ಇಷ್ಟು ದಿನ ಅವನ ಬಗ್ಗೆ ಬೇರೆಯವರ ಹತ್ತಿರ ಮಾತಾಡುತ್ತಿದ್ದೆ. ಉತ್ತರ ಏನೂ ಬರಲಿಲ್ಲ. ಆದರೆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎರಡು ಸ್ಟಾಪು ಬೈದೆ ಅವನಿಗೆ. ಮನಸ್ಸಿನಲ್ಲೇ. ಇಳಿಯುವ ಹೊತ್ತಿಗೆ, ಮುಂಚಿನ ಹಾಗೆ ಪಕ್ಕದಲ್ಲಿ ಯಾರೋ ಇದ್ದ ಹಾಗಿತ್ತು. ಭ್ರಮೆ ಇರಬಹುದು. ನನಗೆ ಬೇಕಾಗಿತ್ತು.

@ರಾತ್ರಿಪಾಳಿ, ಒಂದು ಕೇಳಬೇಕು. ನಾಳೆ 91 ಬರುತ್ತದೆ. ಅದನ್ನು ಓದೋಕೆ ನನಗೆ ಇನ್ನೂ ಆಗಲ್ಲ. ಆ ಪ್ಲಾಸ್ಟಿಕ್ ಕುರ್ಚಿ ನೆನಪಾಗುತ್ತದೆ. ಬಿಟ್ಟರೆ ತಪ್ಪಾ?

ರಾತ್ರಿಪಾಳಿ:

ಬಿಡಿ ಅಕ್ಕ. ನಾನು ಮೊದಲ ನಾಲ್ಕು ಸುತ್ತು ಬಿಟ್ಟಿದ್ದೆ. 92ರಿಂದ ಶುರು ಮಾಡಿ.